ಕಣ್ಣಿಟ್ಟು ನೋಡಬೇಕಾದ ತಪ್ಪಿಗೆ

1982ರ ಮಾರ್ಚ್‌ನಲ್ಲಿ ಅಮೆರಿಕದ ಎಬಿಸಿ ಚಾನೆಲ್ಲಿನಲ್ಲಿ ‘ಪೊಲೀಸ್ ಸ್ಕ್ವಾಡ್!’ ಎಂಬ ಹಾಸ್ಯ ಧಾರಾವಾಹಿ ಶುರುವಾಯಿತು. ಪೊಲೀಸ್ ಧಾರಾವಾಹಿಗಳನ್ನೇ ಗೇಲಿ ಮಾಡುವ ಧಾರಾವಾಹಿ. ಪ್ರತಿ ವಾರ ಹೆಸರು ತೋರಿಸುವಾಗಲೇ ‘ವಿಶೇಷ ಅತಿಥಿ ನಟ’ನ ಕೊಲೆಯಾಗಿಬಿಡುತ್ತಿತ್ತು, ಅಲ್ಲಿಗೆ ಅವನ ಪಾತ್ರವೂ ಮುಗಿಯಿತು. ಕಂತಿನ ಶೀರ್ಷಿಕೆ ಪರದೆಯ ಮೇಲೆ ಒಂದು ಬಂದರೆ, ಹಿನ್ನೆಲೆಯ ದನಿ ಭಾರೀ ಗಾಂಭೀರ್ಯದಿಂದ ಇನ್ನೊಂದನ್ನೇ ಓದುತ್ತಿತ್ತು. ಆ ಕಾಲದ ಧಾರಾವಾಹಿಗಳೆಲ್ಲ ಕೊನೆಗೆ ಎಲ್ಲರೂ ನಗುತ್ತಿರುವಾಗ ಚಿತ್ರ ಸ್ತಬ್ಧವಾಗಿ ಮುಗಿಯುತ್ತಿದ್ದವಲ್ಲ, ಇಲ್ಲಿ ಕ್ಯಾಮೆರಾ ಓಡುತ್ತಲೇ ಇರುತ್ತಿತ್ತು, ನಟರು ಮಾತ್ರ ಉಸಿರು ಬಿಗಿಹಿಡಿದು ಗೊಂಬೆಗಳ ಹಾಗೆ ನಿಂತುಬಿಡುತ್ತಿದ್ದರು. ಸುರಿಯುತ್ತಿದ್ದ ಕಾಫಿ ಕಪ್ಪು ತುಂಬಿ ಚೆಲ್ಲಿದರೂ ಯಾರೂ ಅಲುಗಾಡುವಂತಿಲ್ಲ.

ಒಟ್ಟು ಆರು ಕಂತು ತಯಾರಾಗಿತ್ತು. ನಾಲ್ಕು ಪ್ರಸಾರವಾಗುವಷ್ಟರಲ್ಲಿ ಚಾನೆಲ್ ಕೈಚೆಲ್ಲಿತು. ಉಳಿದೆರಡನ್ನು ಬೇಸಿಗೆಯಲ್ಲಿ ಹೇಗೋ ತೂರಿಸಿ ಮುಗಿಸಿತು. ಯಾಕೆ ನಿಲ್ಲಿಸಿದಿರಿ ಎಂದರೆ ಎಬಿಸಿಯ ಮನರಂಜನಾ ವಿಭಾಗದ ಮುಖ್ಯಸ್ಥ ಟೋನಿ ಥಾಮೊಪೌಲೋಸ್ ಕೊಟ್ಟ ಕಾರಣ ಇಂದಿಗೂ ಜನರ ಬಾಯಲ್ಲಿದೆ: ಇದನ್ನು ಸವಿಯಬೇಕಾದರೆ ಪ್ರೇಕ್ಷಕ ಇದನ್ನು ನೋಡಬೇಕಾಗುತ್ತದೆ, ಅದೇ ತೊಂದರೆ.

ಕೇಳಿದವರೆಲ್ಲ ನಕ್ಕರು. ನನಗೆ ಮಾತ್ರ ಅದು ಪೆದ್ದು ಮಾತು ಅನ್ನಿಸುವುದಿಲ್ಲ. ಆ ಮನುಷ್ಯ ತನ್ನ ವ್ಯಾಪಾರದ ಗುಟ್ಟನ್ನು ಇದ್ದ ಹಾಗೆ ಹೇಳಿಬಿಟ್ಟಿದ್ದ, ಅಷ್ಟೆ. ಟಿವಿ ಎಂದರೆ ಬಟ್ಟೆ ಮಡಿಸುತ್ತಾ, ಮಕ್ಕಳನ್ನು ಗದರುತ್ತಾ ಅರ್ಧ ಕಿವಿಯಲ್ಲಿ ಕೇಳಿಸಿಕೊಳ್ಳುವ ಸಾಧನ ಎಂಬ ಲೆಕ್ಕಾಚಾರದ ಮೇಲೆ ಇಡೀ ಉದ್ಯಮ ನಿಂತಿತ್ತು. ಎಲ್ಲಿ ನಗಬೇಕೆಂದು ತಿಳಿಸಲು ಹಿನ್ನೆಲೆಯಲ್ಲಿ ನಗೆಯ ಅಲೆ ಬೇರೆ. ‘ಪೊಲೀಸ್ ಸ್ಕ್ವಾಡ್’ನಲ್ಲಿ ಆ ನಗೆಯೂ ಇರಲಿಲ್ಲ, ಜೋಕು ದೃಶ್ಯದ ಮೂಲೆಯಲ್ಲೆಲ್ಲೋ ಅಡಗಿ ಕೂತಿರುತ್ತಿತ್ತು. ಕಣ್ಣಿಟ್ಟವರಿಗೆ ಹಬ್ಬ, ಇಡದವರಿಗೆ ಏನೂ ಇಲ್ಲ. ಆರು ವರ್ಷದ ಮೇಲೆ, 1988ರಲ್ಲಿ, ಅದೇ ತಂಡ ಅದೇ ನಾಯಕನಟ ಲೆಸ್ಲಿ ನೀಲ್ಸನ್‌ರನ್ನು ಹಾಕಿಕೊಂಡು ಅದೇ ಸರಕನ್ನು ‘ದಿ ನೇಕೆಡ್ ಗನ್’ ಎಂಬ ಸಿನಿಮಾ ಮಾಡಿದಾಗ ಜನ ಮುಗಿಬಿದ್ದರು. ಟಿಕೆಟ್ ತೆಗೆದುಕೊಂಡು ಕತ್ತಲಲ್ಲಿ ಕೂತವರಿಗೆ ನೋಡದೆ ಬೇರೆ ದಾರಿಯಿರಲಿಲ್ಲ.

ಈ ಬಗೆಯ ಹಾಸ್ಯ ಧಾರಾವಾಹಿಗಳ ಹಣೆಬರಹ ಅಲ್ಲಿಂದ ಇಲ್ಲಿಯವರೆಗೂ ಹೆಚ್ಚುಕಡಿಮೆ ಒಂದೇ. ನೋಡುವವರು ಕಡಿಮೆ, ಆದರೆ ನೋಡುವ ಕೆಲವರು ಹುಚ್ಚರಂತೆ ನೋಡುತ್ತಾರೆ. ಚಾನೆಲ್ ತಲೆ ಎಣಿಸುತ್ತದೆ, ಹುಚ್ಚನ್ನು ಅಳೆಯುವುದಿಲ್ಲ. ನಿಲ್ಲಿಸುತ್ತೇವೆ ಎಂದಾಕ್ಷಣ ಈ ಕೆಲವರು ಬೀದಿಗಿಳಿಯುತ್ತಾರೆ. ಕೆಲವೊಮ್ಮೆ ಗೆಲ್ಲುತ್ತಾರೆ ಕೂಡ. ಆದರೆ ಆ ಗೆಲುವನ್ನು ಬಿಡಿಸಿ ನೋಡಿದರೆ ಪ್ರೀತಿಯ ಹಿಂದೆ ಎಲ್ಲೋ ಒಬ್ಬ ಲೆಕ್ಕಿಗ ಕೂತಿರುತ್ತಾನೆ. ಇದಕ್ಕೆ ‘ಕಮ್ಯುನಿಟಿ’ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

2009ರ ಸೆಪ್ಟೆಂಬರ್ 17ರಂದು ಎನ್‌ಬಿಸಿಯಲ್ಲಿ ಶುರುವಾದ ಇದರ ಕಥೆ ಹೇಳಲು ಹೋದರೆ ಬಲು ಸಾಧಾರಣ. ಗ್ರೀನ್‌ಡೇಲ್ ಎಂಬ ಮೂರನೇ ದರ್ಜೆಯ ಸಮುದಾಯ ಕಾಲೇಜು. ಬೇರೆಲ್ಲೂ ಸಲ್ಲದವರು ಬಂದು ಸೇರುವ ಜಾಗ. ನಕಲಿ ಪದವಿ ಬಯಲಾಗಿ ಸನ್ನದು ಕಳೆದುಕೊಂಡ ವಕೀಲನೊಬ್ಬ ಹುಡುಗಿಯ ಸ್ನೇಹಕ್ಕೆಂದು ಸ್ಪ್ಯಾನಿಷ್ ಓದುವ ಗುಂಪೊಂದನ್ನು ಸುಳ್ಳುಸುಳ್ಳೇ ಹುಟ್ಟುಹಾಕುತ್ತಾನೆ. ಏಳು ಜನ ಸೇರುತ್ತಾರೆ, ಸುಳ್ಳು ನಿಜವಾಗುತ್ತದೆ. ಬರೆದ ಡ್ಯಾನ್ ಹಾರ್ಮನ್ ಸ್ವತಃ ಗ್ಲೆಂಡೇಲಿನ ಅಂಥದೇ ಕಾಲೇಜಿನಲ್ಲಿ ಗೆಳತಿಯ ಜೊತೆ ಸ್ಪ್ಯಾನಿಷ್ ಕಲಿಯಲು ಹೋಗಿ ಗುಂಪಿಗೆ ಸಿಕ್ಕಿಕೊಂಡವರು. ಏಳು ಜನರಲ್ಲಿ ಅಬೆದ್ ಎಂಬ ಹುಡುಗ ಲೋಕವನ್ನೆಲ್ಲ ಸಿನಿಮಾ, ಟಿವಿಗಳ ಮೂಲಕವೇ ಅರ್ಥಮಾಡಿಕೊಳ್ಳುವವನು. ಆ ಪಾತ್ರ ಮಾಡಿದ ಡ್ಯಾನಿ ಪುಡಿಯ ತಂದೆ ಭಾರತೀಯರು, ತಾಯಿ ಪೋಲಿಷ್. ತಾನಿರುವುದು ಒಂದು ಧಾರಾವಾಹಿಯೊಳಗೆ ಎಂಬ ಗುಮಾನಿ ಅಬೆದ್‌ಗೆ ಸದಾ ಇದ್ದೇ ಇರುತ್ತದೆ.

ಮೊದಲ ಕೆಲವು ಕಂತು ಸಪ್ಪೆ ಎಂದೇ ಹೇಳಬೇಕು. ಆಮೇಲೆ ಇದಕ್ಕೆ ತನ್ನ ಹುಚ್ಚು ಸಿಕ್ಕಿತು. ಕಾಲೇಜಿನಲ್ಲಿ ಬಣ್ಣದ ಗುಂಡಿನ ಆಟ ನಡೆದರೆ ಕಂತು ಪೂರ್ತಿ ಯುದ್ಧದ ಸಿನಿಮಾ. ಕ್ರಿಸ್‌ಮಸ್ ಬಂದರೆ ಎಲ್ಲರೂ ಜೇಡಿಮಣ್ಣಿನ ಗೊಂಬೆಗಳು. ದುಡ್ಡು ಉಳಿಸಲು ಒಂದೇ ಕೋಣೆಯಲ್ಲಿ ಚಿತ್ರೀಕರಿಸುವ ಕಂತುಗಳಿರುತ್ತವಲ್ಲ, ಅಂಥದೊಂದರಲ್ಲಿ ಗುಂಪಿನ ಹುಡುಗಿ ಆ್ಯನಿಯ ಪೆನ್ನು ಕಳೆದುಹೋಗುತ್ತದೆ. ಕದ್ದವರು ಒಪ್ಪಿಕೊಳ್ಳುವವರೆಗೆ ಯಾರೂ ಹೊರಹೋಗುವಂತಿಲ್ಲ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಅರ್ಧ ಗಂಟೆಯೊಳಗೆ ಚೀಲಗಳೆಲ್ಲ ಖಾಲಿ, ಮೈಮೇಲಿನ ಬಟ್ಟೆಗಳು ಕೆಳಗೆ, ಸ್ನೇಹ ಚಿಂದಿ. ಪೆನ್ನು ಕದ್ದಿದ್ದು ಗಾಳಿಕೊಳವೆಯೊಳಗಿದ್ದ ಒಂದು ಕೋತಿ. ಅದು ನಮಗೆ ತಿಳಿಯುತ್ತದೆ, ಅವರಿಗೆ ತಿಳಿಯುವುದಿಲ್ಲ.

2011ರ ಅಕ್ಟೋಬರ್ 13ರ ಕಂತನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಮುಂದಿನ ಕಥೆಗೆ ಅದು ಬೇಕು. ಗುಂಪಿನ ಟ್ರಾಯ್ ಮತ್ತು ಅಬೆದ್ ಹೊಸ ಮನೆಗೆ ಬಂದಿದ್ದಾರೆ, ಗೆಳೆಯರನ್ನು ಊಟಕ್ಕೆ ಕರೆದಿದ್ದಾರೆ. ಪಿಜ್ಜಾ ತಂದವನು ಕೆಳಗೆ ಬಂದು ಗಂಟೆ ಒತ್ತುತ್ತಾನೆ. ಇಳಿದು ಹೋಗಿ ತರುವವರು ಯಾರು? ದಾಳ ಹಾಕೋಣ ಎನ್ನುತ್ತಾನೆ ವಕೀಲ ಜೆಫ್. ದಾಳಕ್ಕೆ ಆರು ಮುಖ, ಇರುವವರು ಏಳು ಜನ. ಹಾಕುವವನು ತಾನಾದ್ದರಿಂದ ತಾನೊಬ್ಬ ಪಾರು. ದಾಳ ಎಸೆದರೆ ಆರು ಬೇರೆಬೇರೆ ಲೋಕಗಳು ಹುಟ್ಟುತ್ತವೆ ಎಂದು ಅಬೆದ್ ಎಚ್ಚರಿಸುತ್ತಾನೆ. ಹುಟ್ಟಿಯೇ ಬಿಡುತ್ತವೆ. ಅದೇ ಮೂರು ನಿಮಿಷ ಮತ್ತೆ ಮತ್ತೆ ನಡೆಯುತ್ತದೆ, ಪ್ರತಿ ಸಲ ಒಬ್ಬೊಬ್ಬರು ಕೋಣೆಯಲ್ಲಿರುವುದಿಲ್ಲ. ಯಾರಿಲ್ಲದಿದ್ದರೆ ಈ ಮನೆ ಏನಾಗುತ್ತದೆ ಎಂಬುದು ನಗುನಗುತ್ತಲೇ ನಮಗೆ ಕಾಣುತ್ತಾ ಹೋಗುತ್ತದೆ. ಟ್ರಾಯ್ ಪಿಜ್ಜಾ ತರಲು ಹೋದ ಲೋಕದಲ್ಲಂತೂ ಸರ್ವನಾಶ: ಬಂದೂಕು ಸಿಡಿಯುತ್ತದೆ, ಬೆಂಕಿ ಬೀಳುತ್ತದೆ, ಒಬ್ಬ ಸಾಯುತ್ತಾನೆ, ಒಬ್ಬನ ಕೈ ಹೋಗುತ್ತದೆ. ಆ ಕರಾಳ ಲೋಕದ ಅಬೆದ್ ಕಪ್ಪು ಬಟ್ಟೆಯಿಂದ ಕುರುಚಲು ಗಡ್ಡಗಳನ್ನು ಕತ್ತರಿಸಿ, ಇನ್ನು ಮುಂದೆ ನಾವು ಕೆಟ್ಟವರು ಎಂದು ಎಲ್ಲರಿಗೂ ಹಂಚುತ್ತಾನೆ. ಏಳನೆಯ ಸಲ ನಮ್ಮ ಅಬೆದ್ ಗಾಳಿಯಲ್ಲೇ ದಾಳ ಹಿಡಿದು, ಈ ಪದ್ಧತಿಯೇ ಮೋಸ, ಜೆಫ್ ಹೋಗಲಿ ಎನ್ನುತ್ತಾನೆ. ಜೆಫ್ ಹೋದ ಕೂಡಲೇ ಉಳಿದವರೆಲ್ಲ ಹಾಡಿಕೊಂಡು ಕುಣಿಯುತ್ತಾರೆ. ಇಪ್ಪತ್ತೆರಡು ನಿಮಿಷದೊಳಗೆ ಇಷ್ಟನ್ನೂ ಅಡಕಗೊಳಿಸಿದ ಈ ಬರಹಕ್ಕೆ ಎಮ್ಮಿ ನಾಮನಿರ್ದೇಶನ ಸಿಕ್ಕಿತು.

ಕಂತು ಪ್ರಸಾರವಾಗಿ ಹೆಚ್ಚುಕಡಿಮೆ ಒಂದು ತಿಂಗಳಿಗೆ ಎನ್‌ಬಿಸಿ ವರ್ಷಾರಂಭದ ವೇಳಾಪಟ್ಟಿ ಬಿಡುಗಡೆ ಮಾಡಿತು. ಅದರಲ್ಲಿ ‘ಕಮ್ಯುನಿಟಿ’ ಇರಲಿಲ್ಲ.

ಯಾಕೆ ಎಂಬುದಕ್ಕೆ ಎಣಿಕೆಯ ಪದ್ಧತಿ ನೋಡಬೇಕು. ನಮ್ಮಲ್ಲಿ ಗುರುವಾರ ಬಂತೆಂದರೆ ಟಿಆರ್‌ಪಿ ಪಟ್ಟಿಗಾಗಿ ಚಾನೆಲ್ ಕಚೇರಿಗಳಲ್ಲಿ ಎದೆ ಢವಢವ ಎನ್ನುವಂತೆ ಅಲ್ಲಿ ನೀಲ್ಸನ್ ಕಂಪನಿಯ ಅಂಕಿಗಾಗಿ ಕಾಯುತ್ತಾರೆ. ಅಂದಿನ ಅಮೆರಿಕದಲ್ಲಿ ಟಿವಿ ಇದ್ದ ಮನೆಗಳು 11 ಕೋಟಿಗೂ ಹೆಚ್ಚು. ನೀಲ್ಸನ್ ಮೀಟರು ಕೂರಿಸಿದ್ದು ಕೆಲವು ಸಾವಿರ ಮನೆಗಳಲ್ಲಿ. ಆ ಮನೆಯವರು ಏನು ನೋಡುತ್ತಾರೋ ಅದೇ ದೇಶ ನೋಡಿದ ಹಾಗೆ. ಅದರಲ್ಲೂ ಜಾಹೀರಾತುದಾರರಿಗೆ ಬೇಕಾದವರು 18ರಿಂದ 49 ವಯಸ್ಸಿನವರು. 2007ರಿಂದ ವ್ಯವಹಾರ ನಡೆಯುತ್ತಿದ್ದುದು ಕಾರ್ಯಕ್ರಮ ಎಷ್ಟು ಜನ ನೋಡಿದರು ಎಂಬುದರ ಮೇಲಲ್ಲ, ಮಧ್ಯದ ಜಾಹೀರಾತನ್ನು ಮೂರು ದಿನದೊಳಗೆ ಎಷ್ಟು ಜನ ನೋಡಿದರು ಎಂಬುದರ ಮೇಲೆ. ‘ಕಮ್ಯುನಿಟಿ’ ನೋಡುವ ಕಾಲೇಜು ಹುಡುಗರೋ ಲ್ಯಾಪ್‌ಟಾಪಿನಲ್ಲಿ, ತಮಗೆ ಬೇಕಾದಾಗ, ಜಾಹೀರಾತು ಹಾರಿಸಿ ನೋಡುವವರು. ಬೆಂಗಳೂರಿನ ಯಾವುದೋ ಪಿಜಿ ರೂಮಿನಲ್ಲಿ ರಾತ್ರಿ ಎರಡಕ್ಕೆ ಹೊಟ್ಟೆ ಹಿಡಿದು ನಕ್ಕವನ ನಗೆಯಂತೂ ಯಾವ ಮೀಟರಿಗೂ ಕೇಳುವ ಮಾತೇ ಇಲ್ಲ. ಸಾಲದ್ದಕ್ಕೆ ಗುರುವಾರ ರಾತ್ರಿ ಎಂಟಕ್ಕೆ ಎದುರಿನ ಸಿಬಿಎಸ್‌ನಲ್ಲಿ ‘ದಿ ಬಿಗ್ ಬ್ಯಾಂಗ್ ಥಿಯರಿ’. ಆನೆಯ ಎದುರು ಆಡಿನ ಮರಿಯನ್ನು ಕಟ್ಟಿ ಹಾಕಿ, ಇದು ಯಾಕೋ ಗೆಲ್ಲುತ್ತಿಲ್ಲ ಎಂದು ಹಲುಬಿದಂತಾಗಿತ್ತು.

ಅಭಿಮಾನಿಗಳ ಕೈಯಲ್ಲಿ ಒಂದು ಘೋಷಣೆ ಸಿದ್ಧವಿತ್ತು, ಅದೂ ಧಾರಾವಾಹಿಯೇ ಕೊಟ್ಟಿದ್ದು. ಹಿಂದಿನ ಸೀಸನ್ನಿನಲ್ಲಿ ಅಬೆದ್ ‘ದಿ ಕೇಪ್’ ಎಂಬ ಹೊಸ ಸೂಪರ್‌ಹೀರೊ ಧಾರಾವಾಹಿಯ ಮೋಹದಲ್ಲಿ ಹೆಗಲಿಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಾನೆ. ಅದು ಮೂರು ವಾರವೂ ಬಾಳುವುದಿಲ್ಲ ಎಂದು ಜೆಫ್ ರೇಗುತ್ತಾನೆ. ಆರು ಸೀಸನ್, ಮೇಲೊಂದು ಸಿನಿಮಾ ಎಂದು ಅಬೆದ್ ತಿರುಗಿ ಕೂಗುತ್ತಾನೆ. ‘ದಿ ಕೇಪ್’ ಎನ್‌ಬಿಸಿಯದೇ ನಿಜವಾದ ಧಾರಾವಾಹಿ. ಹತ್ತೇ ಕಂತಿಗೆ ಮಣ್ಣಾಗಿತ್ತು. ಸೋಲುವ ಕುದುರೆಯ ಮೇಲೆ ಹುಚ್ಚ ಕಟ್ಟುವ ಬಾಜಿಯ ಆ ಜೋಕನ್ನೇ ಅಭಿಮಾನಿಗಳು ಬಾವುಟ ಮಾಡಿಕೊಂಡರು. ಡಿಸೆಂಬರ್ 22ರಂದು ನ್ಯೂಯಾರ್ಕಿನ ರಾಕಫೆಲ್ಲರ್ ಪ್ಲಾಜಾದಲ್ಲಿ, ಎನ್‌ಬಿಸಿ ಕಚೇರಿಯ ಕೆಳಗೆ, ಕಪ್ಪು ಬಟ್ಟೆಯ ಕುರುಚಲು ಗಡ್ಡ ಅಂಟಿಸಿಕೊಂಡ ಗುಂಪೊಂದು ಗ್ರೀನ್‌ಡೇಲಿನ ಹೆಸರಲ್ಲಿ ಕ್ರಿಸ್‌ಮಸ್ ಹಾಡುಗಳನ್ನು ತಿರುಚಿ ಹಾಡಿತು. ಹಬ್ಬದ ಶಾಪಿಂಗಿಗೆ ಬಂದವರಿಗೆ ತಲೆಬುಡ ತಿಳಿದಿರಲಾರದು. ನಾವೀಗ ಕರಾಳ ಲೋಕದಲ್ಲಿದ್ದೇವೆ ಎಂದು ಆ ಗಡ್ಡ ಹೇಳುತ್ತಿದ್ದುದು ಕಂತು ನೋಡಿದವರಿಗಷ್ಟೇ ಗೊತ್ತು. ಒಳಗಿನವರ ಜೋಕನ್ನೇ ಪ್ರತಿಭಟನೆ ಮಾಡಿದ್ದರಲ್ಲಿ ಸೊಗಸೂ ಇತ್ತು, ಈ ಧಾರಾವಾಹಿಯ ಕಷ್ಟವೂ ಇತ್ತು.

2012ರ ಮಾರ್ಚ್ 15ಕ್ಕೆ ‘ಕಮ್ಯುನಿಟಿ’ ಮರಳಿತು. ಗಡ್ಡ ಗೆದ್ದಿತು ಎಂದು ಎಲ್ಲರೂ ಬರೆದರು. ಆ ರಾತ್ರಿ ರೇಟಿಂಗ್ ಏರಿತು, ಮುಂದಿನ ವಾರಗಳಲ್ಲಿ ಮತ್ತೆ ಇಳಿಯಿತು. ಆದರೂ ಮುಂದಿನ ಸೀಸನ್ನಿಗೆ ಒಪ್ಪಿಗೆ ಸಿಕ್ಕಿತು. ಅಭಿಮಾನಿಗಳ ಗದ್ದಲದ ಪಾಲು ಇಲ್ಲವೆನ್ನಲಾರೆ. ಆದರೆ ಎರಡು ಒಣ ಸಂಗತಿಗಳಿವೆ. ಒಂದು, ಆಗ ನಾಲ್ಕು ದೊಡ್ಡ ಜಾಲಗಳಲ್ಲಿ ಎನ್‌ಬಿಸಿ ನಾಲ್ಕನೆಯದು. ಇದನ್ನು ತೆಗೆದು ಹಾಕಲು ಅದರ ಬಳಿ ಇದಕ್ಕಿಂತ ಒಳ್ಳೆಯದೇನೂ ಇರಲಿಲ್ಲ. ಬಡ ಚಾನೆಲ್ಲಿಗೆ ತಾಳ್ಮೆ ಜಾಸ್ತಿ. ‘ಪೊಲೀಸ್ ಸ್ಕ್ವಾಡ್’ ಸತ್ತ ಅದೇ 1982ರಲ್ಲಿ ಎನ್‌ಬಿಸಿಯಲ್ಲಿ ಶುರುವಾದ ‘ಚಿಯರ್ಸ್’ ಕೂಡ ಮೊದಲ ವರ್ಷ ಪಟ್ಟಿಯ ತಳದಲ್ಲಿ ತೆವಳುತ್ತಿತ್ತು. ಆಗಲೂ ಎನ್‌ಬಿಸಿ ಹಿಂದೆ ಬಿದ್ದಿದ್ದರಿಂದ ಸುಮ್ಮನೆ ಬಿಟ್ಟಿತು, ಅದು 11 ಸೀಸನ್ ಓಡಿತು.

ಎರಡನೆಯದು, ‘ಕಮ್ಯುನಿಟಿ’ಯನ್ನು ತಯಾರಿಸುತ್ತಿದ್ದ ಸೋನಿಯ ಲೆಕ್ಕ. ಧಾರಾವಾಹಿಯನ್ನು ತೋರಿಸುವುದು ಚಾನೆಲ್, ಮಾಡುವುದು ಸ್ಟುಡಿಯೊ. ಚಾನೆಲ್ ಕೊಡುವ ದುಡ್ಡಿನಿಂದ ಸ್ಟುಡಿಯೊದ ಖರ್ಚು ಸಾಮಾನ್ಯವಾಗಿ ಹುಟ್ಟುವುದಿಲ್ಲ. ಲಾಭ ಬರುವುದು ಮುಂದೆ, ಹಳೇ ಕಂತುಗಳನ್ನು ದಿನಾ ಮರುಪ್ರಸಾರ ಮಾಡುವ ಸ್ಥಳೀಯ ಚಾನೆಲ್ಲುಗಳಿಗೆ ಮಾರಿದಾಗ. ಅದಕ್ಕೆ ಸುಮಾರು 88 ಕಂತಾದರೂ ಕೈಯಲ್ಲಿರಬೇಕು ಎಂಬುದು ಅಂದಿನ ವ್ಯಾಪಾರದ ವಾಡಿಕೆ. ‘ಕಮ್ಯುನಿಟಿ’ ಮೂರು ಸೀಸನ್ ಮುಗಿಸಿದಾಗ 71 ಕಂತಾಗಿತ್ತು. ನಾಲ್ಕನೆಯದಕ್ಕೆ 84. ಇನ್ನು ನಾಲ್ಕೇ ಕಂತು ಬಾಕಿ ಇರುವಾಗ ನಿಲ್ಲಿಸಲು ಯಾವ ಸ್ಟುಡಿಯೊ ಒಪ್ಪೀತು? ಐದನೆಯ ಸೀಸನ್ ಮುಗಿದು 97ಕ್ಕೆ ಬಂದು, ಗುರಿ ದಾಟಿತೋ ಇಲ್ಲವೋ, 2014ರ ಮೇ 9ರಂದು ಎನ್‌ಬಿಸಿ ಪೂರ್ಣವಿರಾಮ ಹಾಕಿತು. ಕಾಕತಾಳೀಯ ಎನ್ನುವವರು ಅನ್ನಲಿ.

ಈ ಲೆಕ್ಕವನ್ನು ಸರಿಯಾಗಿ ಓದಿದವರು ‘ಚಕ್’ ಧಾರಾವಾಹಿಯ ಅಭಿಮಾನಿಗಳು. ಎಲೆಕ್ಟ್ರಾನಿಕ್ಸ್ ಅಂಗಡಿಯ ಗುಮಾಸ್ತನ ತಲೆಯೊಳಗೆ ಸರ್ಕಾರದ ಗುಪ್ತ ಮಾಹಿತಿಯೆಲ್ಲ ಇಳಿದುಬಿಡುವ ತಮಾಷೆಯ ಪತ್ತೇದಾರಿ ಕಥೆ ಅದು. 2009ರಲ್ಲಿ ಎರಡನೇ ಸೀಸನ್ನಿಗೇ ಉಸಿರು ಕಟ್ಟಿತ್ತು. ಹಿಂದೆ ಅಭಿಮಾನಿಗಳು ಚಾನೆಲ್ಲಿಗೆ ಪತ್ರ ಬರೆಯುತ್ತಿದ್ದರು. ‘ಜೆರಿಕೊ’ ಎಂಬ ಗಂಭೀರ ಧಾರಾವಾಹಿಗಾಗಿ 2007ರಲ್ಲಿ ಸಿಬಿಎಸ್‌ಗೆ ಟನ್‌ಗಟ್ಟಲೆ ಕಡಲೆಕಾಯಿ ಕಳಿಸಿದ್ದೂ ಉಂಟು. ‘ಚಕ್’ನವರು ಚಾನೆಲ್ಲಿನ ತಂಟೆಗೇ ಹೋಗಲಿಲ್ಲ. ಧಾರಾವಾಹಿಯಲ್ಲಿ ಸಬ್‌ವೇ ಸ್ಯಾಂಡ್‌ವಿಚ್ಚಿನ ಪ್ರಚಾರವಿತ್ತು. ಏಪ್ರಿಲ್ 27ರಂದು, ಸೀಸನ್ನಿನ ಕೊನೆಯ ಕಂತಿನ ದಿನ, ಎಲ್ಲರೂ ಸಬ್‌ವೇಗೆ ಹೋಗಿ ಅಡಿಯುದ್ದದ ಸ್ಯಾಂಡ್‌ವಿಚ್ ಕೊಳ್ಳಿ, ‘ಚಕ್’ಗಾಗಿ ಬಂದೆವು ಎಂದು ಸಲಹಾ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬನ್ನಿ ಎಂದು ಕರೆ ಕೊಟ್ಟರು. ನಾಯಕನಟ ಜಕಾರಿ ಲೀವೈ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ನೂರಾರು ಅಭಿಮಾನಿಗಳ ಮೆರವಣಿಗೆಯನ್ನೇ ಅಂಗಡಿಗೆ ನುಗ್ಗಿಸಿ, ತಾವೇ ಒಳಗೆ ನಿಂತು ಸ್ಯಾಂಡ್‌ವಿಚ್ ಕಟ್ಟಿಕೊಟ್ಟರು. ಮೀಟರಿನಲ್ಲಿ ಕಾಣದ ಪ್ರೇಕ್ಷಕ ಗಲ್ಲಾಪೆಟ್ಟಿಗೆಯಲ್ಲಿ ಕಂಡ. ಮೇ ತಿಂಗಳಲ್ಲಿ ಎನ್‌ಬಿಸಿ ಮೂರನೇ ಸೀಸನ್ ಘೋಷಿಸಿತು, ಜೊತೆಯಲ್ಲೇ ಸಬ್‌ವೇ ಪ್ರಾಯೋಜಕತ್ವವನ್ನೂ. ‘ಚಕ್’ ಐದು ಸೀಸನ್, 91 ಕಂತು ಬಾಳಿತು. ಪಾತ್ರಗಳು ಆಮೇಲೆ ಸ್ಯಾಂಡ್‌ವಿಚ್ಚನ್ನು ಹೊಗಳುತ್ತಾ ಕೂರುವ ದೃಶ್ಯಗಳು ಹೆಚ್ಚಿದವು. ಅಷ್ಟು ಕಂದಾಯ ಕಟ್ಟಲೇಬೇಕಲ್ಲ.

‘ಕಮ್ಯುನಿಟಿ’ಯವರು ಕಟ್ಟಿದ ಕಂದಾಯ ಇದಕ್ಕಿಂತ ದುಬಾರಿ. 2012ರ ಮೇನಲ್ಲಿ ನಾಲ್ಕನೇ ಸೀಸನ್ ಸಿಕ್ಕಿದ ಸಂಭ್ರಮ ಆರುವ ಮೊದಲೇ ಸೋನಿ ಡ್ಯಾನ್ ಹಾರ್ಮನ್‌ರನ್ನೇ ಕೆಳಗಿಳಿಸಿತು. ಹೊಸಬರು ಬಂದರು. ಅದೇ ನಟರು, ಅದೇ ಟೇಬಲ್ಲು, ಅದೇ ಕಾಲೇಜು. ಜೀವ ಮಾತ್ರ ಇಲ್ಲ. ಯಾವುದಕ್ಕಾಗಿ ಗಡ್ಡ ಅಂಟಿಸಿಕೊಂಡು ಚಳಿಯಲ್ಲಿ ನಿಂತಿದ್ದರೋ ಅದನ್ನು ಬಿಟ್ಟು ಉಳಿದದ್ದೆಲ್ಲ ಉಳಿದಿತ್ತು. ಅಭಿಮಾನಿಗಳ ಚಳವಳಿಗೆ ಈ ಮಿತಿ ಸದಾ ಇದ್ದದ್ದೇ: ಹೆಸರನ್ನು ಉಳಿಸಬಹುದು, ಬರೆಯುವ ಕೋಣೆಯಲ್ಲಿ ಯಾರು ಕೂರಬೇಕೆಂದು ಹೇಳಲಾಗದು. ಮುಂದಿನ ವರ್ಷ ಹಾರ್ಮನ್ ಮರಳಿದರು. ಕಾಲೇಜಿನಲ್ಲಿ ಆ ವರ್ಷ ಪೂರ್ತಿ ಗ್ಯಾಸ್ ಸೋರುತ್ತಿತ್ತು, ಅದಕ್ಕೇ ಎಲ್ಲರಿಗೂ ಹಾಗಾಗಿತ್ತು ಎಂದು ಪಾತ್ರವೊಂದರ ಬಾಯಲ್ಲಿ ಹೇಳಿಸಿ ನಾಲ್ಕನೇ ಸೀಸನ್ನಿನ ತಿಥಿ ಮಾಡಿದರು.

ಇದಕ್ಕೆ ಹೋಲಿಸಿದರೆ ‘ಬ್ರೂಕ್ಲಿನ್ ನೈನ್-ನೈನ್’ ಅದೃಷ್ಟವಂತ. 2018ರ ಮೇ 10ರಂದು ಫಾಕ್ಸ್ ಕೈಬಿಟ್ಟಿತು; ‘ಸ್ಟಾರ್ ವಾರ್ಸ್’ನ ಮಾರ್ಕ್ ಹ್ಯಾಮಿಲ್‌ರಿಂದ ಹಿಡಿದು ನಿರ್ದೇಶಕ ಗಿಲೆರ್ಮೊ ಡೆಲ್ ಟೋರೊವರೆಗೆ ಹೆಸರಾಂತರೆಲ್ಲ ಟ್ವಿಟರ್‌ನಲ್ಲಿ ಬೊಬ್ಬೆ ಹೊಡೆದರು; ಸುಮಾರು 31 ಗಂಟೆಯಲ್ಲಿ ಎನ್‌ಬಿಸಿ ಎತ್ತಿಕೊಂಡಿತು. ಅಭಿಮಾನಿಗಳ ಅತಿ ವೇಗದ ಗೆಲುವು ಎಂದು ಇದನ್ನು ಹಾಡಿ ಹೊಗಳುವಾಗ ಒಂದು ಸಾಲು ಬಿಟ್ಟುಹೋಗುತ್ತದೆ. ಫಾಕ್ಸ್‌ನಲ್ಲಿ ಬರುತ್ತಿದ್ದರೂ ಅದನ್ನು ತಯಾರಿಸುತ್ತಿದ್ದುದು ಯೂನಿವರ್ಸಲ್ ಟೆಲಿವಿಷನ್, ಅಂದರೆ ಎನ್‌ಬಿಸಿಯ ಒಡಹುಟ್ಟು. ಸ್ವಂತ ಮನೆಯ ಮಗು ನೆರೆಮನೆಯಿಂದ ವಾಪಸು ಬಂತು. ಬೊಬ್ಬೆಯಿಂದ ಆದ ಲಾಭವೆಂದರೆ ಎರಡು ವಾರ ಹಿಡಿಯಬಹುದಾಗಿದ್ದ ಮಾತುಕತೆ ಎರಡು ದಿನದೊಳಗೆ ಮುಗಿದದ್ದು ಎಂದು ನನ್ನ ಊಹೆ. ಪ್ರಶಸ್ತಿಗಳನ್ನು ನೆಚ್ಚಿಕೊಳ್ಳುವವರಿಗಂತೂ ‘ಅರೆಸ್ಟೆಡ್ ಡೆವಲಪ್‌ಮೆಂಟ್’ ನೆನಪಿಸಬೇಕು: 2004ರಲ್ಲಿ ಶ್ರೇಷ್ಠ ಹಾಸ್ಯ ಧಾರಾವಾಹಿಯ ಎಮ್ಮಿ ಗೆದ್ದರೂ 2006ರ ಫೆಬ್ರುವರಿ 10ರಂದು, ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯ ರಾತ್ರಿಯೇ, ಫಾಕ್ಸ್ ಅದರ ಕೊನೆಯ ನಾಲ್ಕು ಕಂತನ್ನು ಒಟ್ಟಿಗೆ ಸುರಿದು ಕೈತೊಳೆದುಕೊಂಡಿತು.

ಎನ್‌ಬಿಸಿ ಬಿಟ್ಟ ‘ಕಮ್ಯುನಿಟಿ’ಯನ್ನು 2014ರ ಜೂನ್ 30ರಂದು, ನಟರ ಒಪ್ಪಂದ ಮುಗಿಯುವ ಕೊನೆಯ ದಿನ, ಯಾಹೂ ಕೊಂಡಿತು. ಹೌದು, ನಾವೆಲ್ಲ ಒಂದು ಕಾಲಕ್ಕೆ ಮೇಲ್ ನೋಡುತ್ತಿದ್ದ ಅದೇ ಯಾಹೂ. ಅದಕ್ಕೆ ಆಗ ವಿಡಿಯೊ ಲೋಕದಲ್ಲಿ ಹೆಸರು ಮಾಡುವ ಆಸೆ ಹತ್ತಿತ್ತು. ಆರನೇ ಸೀಸನ್ನಿನ 13 ಕಂತು 2015ರಲ್ಲಿ ಬಂದವು. ಘೋಷಣೆಯ ಮೊದಲರ್ಧ ಈಡೇರಿತು. ಅದೇ ವರ್ಷ ಯಾಹೂ ಈ ಧಾರಾವಾಹಿಯೂ ಸೇರಿದಂತೆ ಮೂರು ಸ್ವಂತ ಕಾರ್ಯಕ್ರಮಗಳ ಬಾಬ್ತು 4.2 ಕೋಟಿ ಡಾಲರ್ ನಷ್ಟ ತೋರಿಸಿ, 2016ರ ಆರಂಭಕ್ಕೆ ಅಂಗಡಿಯನ್ನೇ ಮುಚ್ಚಿತು. ಅಭಿಮಾನಿಗಳ ಪ್ರೀತಿಯನ್ನು ನಂಬಿ ದುಡ್ಡು ಹಾಕಿದ ಈ ಲೆಕ್ಕಿಗ ಮುಳುಗಿಹೋದ. ಮಿಕ್ಕರ್ಧದ ಭರವಸೆಗೇ 2022ರವರೆಗೆ ಕಾಯಬೇಕಾಯಿತು. ಆ ಸೆಪ್ಟೆಂಬರ್‌ನಲ್ಲಿ ಎನ್‌ಬಿಸಿ ಬಳಗದ್ದೇ ಸ್ಟ್ರೀಮಿಂಗ್ ತಾಣವಾದ ಪೀಕಾಕ್, ‘ಕಮ್ಯುನಿಟಿ’ಯ ಸಿನಿಮಾವನ್ನು ಘೋಷಿಸಿತು. ಅಷ್ಟರಲ್ಲಿ 2020ರ ಲಾಕ್‌ಡೌನ್ ಕಾಲದಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಹಳೆಯ ಕಂತುಗಳು ಹೊಸ ಪ್ರೇಕ್ಷಕರನ್ನು ಸಂಪಾದಿಸಿದ್ದವು. ಮನೆಯಲ್ಲೇ ಕೂತ ಜನ, ಕೈಯಲ್ಲಿ ಬೇರೆ ಕೆಲಸವಿಲ್ಲ. ಗಮನ ಬೇಡುವ ಹಾಸ್ಯಕ್ಕೆ ಇನ್ನೇನು ಬೇಕು.

ಸ್ಟ್ರೀಮಿಂಗ್ ಬಂದ ಮೇಲೆ ಜಗಳದ ಕಣವೇ ಬದಲಾಗಿದೆ. ನೀಲ್ಸನ್ ಅಂಕಿ ಎಷ್ಟೇ ಕೆಟ್ಟದಿದ್ದರೂ ಮರುದಿನ ಬೆಳಿಗ್ಗೆ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಎಷ್ಟು ಹಿಂದೆ ಬಿದ್ದಿದ್ದೇವೆಂದು ಅಭಿಮಾನಿಗೂ ಗೊತ್ತಿರುತ್ತಿತ್ತು. ಈಗ ಅಂಕಿ ಕಂಪನಿಯ ಒಳಗೇ ಇರುತ್ತದೆ, ಅವರು ತೋರಿಸಿದಷ್ಟೇ ನಮಗೆ ಕಾಣುವುದು. ಕಡಲ್ಗಳ್ಳರ ಪ್ರೇಮಪ್ರಸಂಗದ ‘ಅವರ್ ಫ್ಲ್ಯಾಗ್ ಮೀನ್ಸ್ ಡೆತ್’ ಎಂಬ ವಿಚಿತ್ರ, ಮೋಹಕ ಹಾಸ್ಯವನ್ನು ಮ್ಯಾಕ್ಸ್ ಎರಡೇ ಸೀಸನ್ನಿಗೆ, 2024ರ ಜನವರಿಯಲ್ಲಿ ನಿಲ್ಲಿಸಿದಾಗ ಅಭಿಮಾನಿಗಳು ಚಂದಾ ಎತ್ತಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಫಲಕ ಹಾಕಿಸಿದರು, ಸಾವಿರಾರು ಸಹಿ ಸಂಗ್ರಹಿಸಿದರು. ಆಗಲಿಲ್ಲ. ಸ್ಯಾಂಡ್‌ವಿಚ್ ಕೊಳ್ಳೋಣ ಎಂದರೆ ನಡುವೆ ಯಾವ ಅಂಗಡಿಯವನೂ ಇರಲಿಲ್ಲ. ಚಂದಾ ಕಟ್ಟುವುದನ್ನು ನಿಲ್ಲಿಸುತ್ತೇವೆ ಎನ್ನಬಹುದಿತ್ತು. ಹೋದವರು ಯಾವ ಧಾರಾವಾಹಿಯ ಸಿಟ್ಟಿಗೆ ಹೋದರೆಂದು ಬೇರ್ಪಡಿಸಿ ನೋಡುವವರು ಯಾರು?

ಖರ್ಚಿಗೆ ತಕ್ಕಷ್ಟು ಜನ ನೋಡಿದರೇ, ಶುರು ಮಾಡಿದವರಲ್ಲಿ ಎಷ್ಟು ಜನ ಕೊನೆ ಮುಟ್ಟಿಸಿದರು ಎಂಬುದನ್ನು ತೂಗಿ ನೋಡುತ್ತೇವೆ ಎಂದು ನೆಟ್‌ಫ್ಲಿಕ್ಸ್‌ನವರು ಬಹಿರಂಗವಾಗಿಯೇ ಹೇಳಿದ್ದಾರೆ. ಅದನ್ನೂ ಅಭಿಮಾನಿಗಳು ಕಲಿತುಬಿಟ್ಟಿದ್ದಾರೆ. ಹೊಸ ಹಾಸ್ಯ ಧಾರಾವಾಹಿಯೊಂದು ಮನಸ್ಸಿಗೆ ಹತ್ತಿದರೆ ಸ್ನೇಹಿತರಿಗೆ ಅವರು ಮೊದಲು ಕಳಿಸುವ ಸಂದೇಶ, ಚೆನ್ನಾಗಿದೆ ನೋಡಿ ಎಂದಲ್ಲ. ಈ ವಾರವೇ ನೋಡಿ, ಕೊನೆಯ ಕಂತಿನವರೆಗೂ ನೋಡಿ, ಮಧ್ಯದಲ್ಲಿ ಬಿಡಬೇಡಿ, ಆಗುವುದಾದರೆ ಇನ್ನೊಂದು ಸಲ ಮೊದಲಿಂದ ಹಚ್ಚಿ. ವಾರಕ್ಕೊಂದರಂತೆ ಇಟ್ಟುಕೊಂಡು ಸವಿಯುವ ಅಭ್ಯಾಸದವನು ಅವರ ಕಣ್ಣಿಗೆ ಈಗ ದ್ರೋಹಿ. ಲೆಕ್ಕದ ಪುಸ್ತಕದಲ್ಲಿ ಅವನು ಮೂರನೇ ಕಂತಿಗೇ ಬೇಸತ್ತು ಎದ್ದುಹೋದವರ ಪಕ್ಕದಲ್ಲಿ ಕೂತಿರುತ್ತಾನೆ.